ಬೋರ್ ನೀರು ಪರೀಕ್ಷೆಗೆ ಕೊಡ್ತೀರಾ? ಮೊದಲು ಬಾಟಲಿ ಸರಿಯಾಗಿ ತುಂಬಿಸಿ

ಮಂಡ್ಯ ಕಡೆ ಬೋರ್ ನೀರನ್ನು ಪರೀಕ್ಷೆಗೆ ತರುವವರ ಕೈಯಲ್ಲಿ ಏನಿರುತ್ತದೆ ಗೊತ್ತಾ? ಜ್ಯೂಸ್ ವಾಸನೆ ಇನ್ನೂ ಹೋಗದ ಹಳೇ ಬಾಟಲಿ. ಒಳಗಿರುವುದು ಟ್ಯಾಂಕಿನ ನೀರು. ಇದರ ರಿಪೋರ್ಟ್ ನಂಬಿ ಚೌಳು ತೆಗೆಯಲು ಜಮೀನಿಗೆ ಜಿಪ್ಸಂ ಸುರಿದರೆ ದುಡ್ಡು ದಂಡ.

ಕುಡಿಯುವುದಕ್ಕೋ, ಜಮೀನಿಗೋ ಅನ್ನುವುದನ್ನು ಮೊದಲೇ ತೀರ್ಮಾನಿಸಿ. ಎರಡರ ಪರೀಕ್ಷೆಯೂ ಬೇರೆ.

ನೀರು ಹಿಡಿಯುವುದರಲ್ಲೇ ಎಲ್ಲರೂ ಎಡವುವುದು. ಸಂಪು, ಓವರ್‌ಹೆಡ್ ಟ್ಯಾಂಕ್ ಬೇಡ. ಬೋರ್ ಪಕ್ಕದ ಡೆಲಿವರಿ ಪೈಪಿನಲ್ಲೇ ಹಿಡಿಯಿರಿ. ಮೋಟಾರ್ ಹಾಕಿ 10-15 ನಿಮಿಷ ನೀರು ಬಿಡಿ. ಕೇಸಿಂಗ್ ಪೈಪಿನಲ್ಲಿ ನಿಂತ ಹಳೇ ನೀರು ಹೋಗಲಿ. ಶುಭ್ರವಾದ ಒಂದು ಲೀಟರ್ ಪ್ಲಾಸ್ಟಿಕ್ ಬಾಟಲಿಯನ್ನು ಅದೇ ನೀರಲ್ಲಿ ಮೂರು ಸಲ ಕುಲುಕಿ ಚೆಲ್ಲಿ. ಸೋಪು ಮುಟ್ಟಿಸಬೇಡಿ. ಕಂಠಪೂರ್ತಿ ತುಂಬಿಸಿ, ಗಾಳಿ ಉಳಿಯದಂತೆ ಮುಚ್ಚಳ ಬಿಗಿ ಮಾಡಿ. ಗಾಳಿ ಇದ್ದರೆ ನೀರಿನ ಇಂಗಾಲದ ಡೈಆಕ್ಸೈಡ್ ಹೊರಬಂದು ಸುಣ್ಣ ತಳ ಸೇರುತ್ತದೆ, ಗಡಸುತನ ಕಡಿಮೆ ಕಾಣುತ್ತದೆ.

ರೋಗಾಣು ಪರೀಕ್ಷೆಯ ಬಾಟಲಿಗೆ ಇದೆಲ್ಲ ಉಲ್ಟಾ. ಲ್ಯಾಬ್‌ನವರೇ ಕೊಡುವ ಬಾಟಲಿಯನ್ನು ತೊಳೆಯಬೇಡಿ, ಒಳಗೆ ಕ್ಲೋರಿನ್ ತಡೆಯುವ ಔಷಧಿ ಹಾಕಿರುತ್ತಾರೆ. ನಲ್ಲಿ ಬಾಯನ್ನು ಸ್ಪಿರಿಟ್ ಹತ್ತಿಯಿಂದ ಒರೆಸಿ, ಸ್ವಲ್ಪ ನೀರು ಬಿಟ್ಟು ಹಿಡಿಯಿರಿ. ಮುಚ್ಚಳದ ಒಳಗೆ ಬೆರಳು ತಾಗಬಾರದು. ಮೇಲೆ ಸ್ವಲ್ಪ ಜಾಗ ಬಿಡಿ. ಐಸ್ ಜೊತೆ ಇಟ್ಟು ಅವತ್ತೇ ತಲುಪಿಸಿ. 24 ಗಂಟೆ ದಾಟಿದರೆ ಆ ರಿಪೋರ್ಟ್ ನಂಬಬೇಡಿ. ಹೆಸರು, ಸರ್ವೆ ನಂಬರ್, ಆಳ, ದಿನಾಂಕವನ್ನು ಬಾಟಲಿ ಮೇಲೆ ಬರೆಯಿರಿ. ಮುಚ್ಚಳದ ಮೇಲೆ ಬೇಡ, ಅದಲು ಬದಲಾಗುತ್ತೆ.

ಕುಡಿಯುವ ನೀರಿಗೆ ಭಾರತೀಯ ಮಾನಕ ಐಎಸ್ 10500 ಪ್ರಕಾರ ಕರಗಿದ ಲವಣ, ಅಂದರೆ ಟಿಡಿಎಸ್, ಲೀಟರಿಗೆ 500 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು. ಬೇರೆ ನೀರಿಲ್ಲದಿದ್ದರೆ 2000ದವರೆಗೆ ಒಪ್ಪಬಹುದು. ಫ್ಲೋರೈಡ್ 1 ಮಿಲಿಗ್ರಾಂ, ಅನಿವಾರ್ಯವಾದರೆ 1.5. ನೈಟ್ರೇಟ್ 45, ಇದರಲ್ಲಿ ರಿಯಾಯಿತಿ ಇಲ್ಲ. ಯೂರಿಯಾ ಹಾಕಿದ ಕಬ್ಬಿನ ಗದ್ದೆ, ಕೊಟ್ಟಿಗೆ, ಸೋಕ್ ಪಿಟ್ ಪಕ್ಕದ ಬೋರ್‌ಗಳಲ್ಲಿ ಇದನ್ನು ತಪ್ಪದೆ ನೋಡಿಸಿ. ಕುದಿಸಿದರೆ ನೈಟ್ರೇಟ್, ಫ್ಲೋರೈಡ್ ಹೋಗಲ್ಲ, ನೀರು ಆವಿಯಾದಷ್ಟೂ ಜಾಸ್ತಿಯಾಗುತ್ತೆ.

ಕೈಗೆ ಸಿಗುವ ಟಿಡಿಎಸ್ ಮೀಟರ್ ಇವೆರಡನ್ನೂ ತೋರಿಸದು. ಇನ್ನು, ಲೋಟಕ್ಕೆ ಕರೆಂಟ್ ಕಡ್ಡಿ ಅದ್ದಿ ಬೋರ್ ನೀರನ್ನು ಕಂದು ಮಾಡಿ ಫಿಲ್ಟರ್ ಮಾರುವವರು ಬಂದರೆ ವಾಪಸ್ ಕಳಿಸಿ. ಆ ಬಣ್ಣ ಕಬ್ಬಿಣದ ಕಡ್ಡಿಯದ್ದೇ, ನೀರಿನ ಕೊಳೆಯಲ್ಲ. ಫಿಲ್ಟರ್ ನೀರಲ್ಲಿ ಲವಣ ಕಡಿಮೆ, ಕರೆಂಟ್ ಸರಿಯಾಗಿ ಹರಿಯಲ್ಲ. ಅದಕ್ಕೇ ತಿಳಿಯಾಗಿ ಉಳಿಯುತ್ತೆ, ಅಷ್ಟೇ.

ಜಮೀನಿಗಾದರೆ ವಿದ್ಯುತ್ ವಾಹಕತೆ (ಇಸಿ), ಸೋಡಿಯಂ, ಕ್ಯಾಲ್ಸಿಯಂ, ಮೆಗ್ನೀಸಿಯಂ, ಕಾರ್ಬೊನೇಟ್, ಬೈಕಾರ್ಬೊನೇಟ್ ಕೇಳಿ. ಇಸಿ ಮೀಟರಿಗೆ 0.75 ಡೆಸಿಸೈಮೆನ್ಸ್ ಒಳಗಿದ್ದರೆ ನಿಶ್ಚಿಂತೆ, 2.25 ದಾಟಿದರೆ ಬೆಳೆ ನೋಡಿ ಹಾಕಬೇಕು. ನಾನು ಮೊದಲು ನೋಡುವುದು ಆರ್‌ಎಸ್‌ಸಿ ಸಾಲು, ಅಂದರೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಕಳೆದ ಮೇಲೆ ಉಳಿಯುವ ಕಾರ್ಬೊನೇಟ್, ಬೈಕಾರ್ಬೊನೇಟ್. ಅದು ಲೀಟರಿಗೆ 1.25 ಮಿಲಿ ಈಕ್ವಿವಲೆಂಟ್ ಒಳಗಿರಬೇಕು, 2.5 ಮೀರಿದರೆ ಮಣ್ಣು ಗಟ್ಟಿಯಾಗಿ ಚೌಳಾಗುತ್ತದೆ. ನಾಲೆ ಬಯಲಿನ ತಗ್ಗಿನ ಗದ್ದೆಗೆ ಇಂಥ ನೀರು ಹಾಯಿಸಲೇಬೇಡಿ. ಜಿಪ್ಸಂ ಎಷ್ಟು ಅನ್ನುವುದನ್ನು ಮಣ್ಣಿನ ರಿಪೋರ್ಟ್ ಜೊತೆ ಇಟ್ಟು ಮಂಡ್ಯದ ವಿ.ಸಿ. ಫಾರಂನ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ. ಅದಕ್ಕೂ ಮೊದಲು ಬಸಿಗಾಲುವೆ ತೆಗೆಸಿ.

ಮುಂಗಾರಿಗೆ ಮುಂಚೆ ಒಮ್ಮೆ, ಮಳೆ ಮುಗಿದ ಮೇಲೆ ಒಮ್ಮೆ ನೋಡಿಸಿ. ಬೋರ್ ಇನ್ನೂ ಆಳಕ್ಕೆ ಕೊರೆಸಿದ್ದರೆ ಹಳೇ ರಿಪೋರ್ಟ್ ಲೆಕ್ಕಕ್ಕಿಲ್ಲ.