ಸಣ್ಣ ಪಿಸ್ತೂಲು ಆರಿಸುವಾಗ ಮೊದಲು ಹಿಡಿಯನ್ನು ನೋಡಿ

ಪರವಾನಗಿ ಪಡೆದು ಬಟ್ಟೆಯ ಮರೆಯಲ್ಲಿ ಪಿಸ್ತೂಲು ಒಯ್ಯುವವರು ನಳಿಗೆಗಿಂತ ಮೊದಲು ಹಿಡಿಯ ಉದ್ದವನ್ನು ಅಳೆದು ನೋಡಿ. ಸೊಂಟದ ಒಳಬದಿಯಲ್ಲಿ ಧರಿಸಿದಾಗ ನಳಿಗೆ ಪ್ಯಾಂಟಿನೊಳಗೆ ಇಳಿದು ಕಾಣದಂತಾಗುತ್ತದೆ. ಹಿಡಿಯ ತುದಿ ಮಾತ್ರ ಅಡ್ಡಲಾಗಿ ಚಾಚಿಕೊಂಡು, ಬಾಗಿದೊಡನೆ ಅಂಗಿಯ ಮೇಲೆ ಉಬ್ಬಿ ಕಾಣುತ್ತದೆ. ನಳಿಗೆ ತುಸು ಉದ್ದವಿದ್ದರೆ ಹಿಡಿ ಹೊರಕ್ಕೆ ವಾಲುವುದೂ ಕಡಿಮೆ. ಹಾಗೆಂದು ತೀರಾ ಗಿಡ್ಡ ಹಿಡಿಯನ್ನು ನಾನು ಯಾರಿಗೂ ಹೇಳುವುದಿಲ್ಲ: ಕಿರುಬೆರಳಿಗೆ ನೆಲೆ ಸಿಗದಿದ್ದರೆ ಗುಂಡು ಹಾರಿದಾಗ ಪಿಸ್ತೂಲು ಅಂಗೈಯಲ್ಲಿ ಜರುಗಿ, ಮತ್ತೆ ಗುರಿ ಹಿಡಿಯುವುದು ತಡವಾಗುತ್ತದೆ. ಹಗುರವಾದ ಪಿಸ್ತೂಲಿನಲ್ಲಿ 9 ಎಂಎಂ ಗುಂಡಿನ ಒದೆತವೂ ಜೋರು. ಆದ್ದರಿಂದ ಕೊಳ್ಳುವ ಮೊದಲು ಶೂಟಿಂಗ್ ರೇಂಜಿನಲ್ಲಿ ಅದೇ ಮಾದರಿಯಿಂದ ಒಂದೆರಡು ಮ್ಯಾಗಜೀನ್ (ಗುಂಡು ತುಂಬುವ ಡಬ್ಬಿ) ಖಾಲಿಯಾಗುವಷ್ಟು ಗುಂಡು ಹಾರಿಸಿ ನೋಡಿ, ಅಂಗಡಿಯಲ್ಲಿ ಕೈಯಲ್ಲಿ ಹಿಡಿದು ನೋಡಿದರೆ ಇದು ತಿಳಿಯುವುದಿಲ್ಲ. ಜೇಬಿನಲ್ಲಿ ಒಯ್ಯುವವರಿಗೆ ಈ ಲೆಕ್ಕ ಹೊಂದುವುದಿಲ್ಲ. ಅಲ್ಲಿ ಒಟ್ಟು ಗಾತ್ರ, ದಪ್ಪ ಎರಡೂ ಮುಖ್ಯ. ಹೆಚ್ಚು ಹೊತ್ತು ಕುಳಿತೇ ಇರುವವರಿಗೆ ಉದ್ದ ನಳಿಗೆ ತೊಡೆಸಂದಿಗೆ ಒತ್ತುತ್ತದೆ. ಎಲ್ಲಿ ಧರಿಸಿದರೂ ಟ್ರಿಗರ್ ಪೂರ್ತಿ ಮುಚ್ಚುವ ಗಟ್ಟಿ ಹೋಲ್‌ಸ್ಟರ್ (ಪಿಸ್ತೂಲು ಇಡುವ ಒರೆ) ಇಲ್ಲದೆ ಒಯ್ಯಲೇಬೇಡಿ.