ಫ್ಯಾನ್ ಆಫ್ ಮಾಡಿ ಕೇಳಿದ ‘ಅನ್‌ಟಚಬಲ್ಸ್’

2002ರಲ್ಲಿ ಅಮೆರಿಕದ ರಾಕ್ ತಂಡ ಕಾರ್ನ್‌ನ ‘ಅನ್‌ಟಚಬಲ್ಸ್’ ಆಲ್ಬಮ್ ಬಂದಾಗ ನಾನು ಮೈಸೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದೆ. ಆಲ್ಬಮ್ ಅಂಗಡಿಗೆ ಬರುವ ಮೊದಲೇ ಇಂಟರ್ನೆಟ್‌ನಲ್ಲಿ ಸೋರಿಹೋಗಿತ್ತು. ನಮ್ಮ ಕೈಗೆ ಸಿಕ್ಕಿದ್ದು ಯಾರೋ ಸಿಡಿಗೆ ಹಾಕಿಕೊಟ್ಟ 128 ಕೆಬಿಪಿಎಸ್ ಎಂಪಿ3, ಅಂದರೆ ಸೆಕೆಂಡಿಗೆ 128 ಕಿಲೋಬಿಟ್‌ಗೆ ಕುಗ್ಗಿಸಿದ ಫೈಲ್. ಹಾಸ್ಟೆಲ್‌ನಲ್ಲಿ ಅದರ ಮೇಲೆ ಜಗಳವೇ ಆಯಿತು. ಮಂಡ್ಯದ ಗೆಳೆಯ, “ಮೊದಲಿನ ಒರಟುತನ ಹೋಯ್ತು ಕಣೋ, ಬರೀ ಪಾಲಿಶ್” ಅಂದ. ನಾನೂ ಹೂಂಗುಟ್ಟಿದೆ. ಸಿಂಬಲ್ (ಡ್ರಮ್ ಸೆಟ್‌ನ ಲೋಹದ ತಟ್ಟೆ) ಸದ್ದು ನೀರಿನೊಳಗಿಂದ ಬಂದ ಹಾಗಿತ್ತು. ಅದು ಆಲ್ಬಮ್‌ನದೇ ತಪ್ಪು ಅಂದುಕೊಂಡಿದ್ದೆ.

ನಿರ್ಮಾಪಕ ಮೈಕೆಲ್ ಬೈನ್‌ಹಾರ್ನ್ ಇದನ್ನು ರೆಕಾರ್ಡ್ ಮಾಡಿಸಿದ್ದೇ 24 ಬಿಟ್, 96 ಕಿಲೋಹರ್ಟ್ಸ್‌ನಲ್ಲಿ ಅಂತ ಎಷ್ಟೋ ವರ್ಷದ ಮೇಲೆ ಓದಿದೆ. ಅಂದರೆ ಸದ್ದನ್ನು ಸೆಕೆಂಡಿಗೆ 96,000 ಸಲ ಅಳೆದು, ಒಂದೊಂದು ಅಳತೆಯನ್ನೂ 24 ಬಿಟ್‌ನಲ್ಲಿ ಬರೆದಿಡುವುದು. ಆ ಕಾಲದ ರಾಕ್ ಸಂಗೀತದಲ್ಲಿ ಅದು ಅಪರೂಪ. ಹಾಗಾದರೆ ನಾನು ಅಷ್ಟು ದಿನ ಕೇಳಿದ್ದೇನು? ಅಂಗಡಿಯಲ್ಲಿ ಸಿಗುವ ಆಡಿಯೋ ಸಿಡಿಯಲ್ಲಿ ಸೆಕೆಂಡಿಗೆ 1,411 ಕಿಲೋಬಿಟ್ ಇರುತ್ತೆ. ನನ್ನ ಎಂಪಿ3 ಅದರ ಹನ್ನೊಂದರಲ್ಲಿ ಒಂದು ಪಾಲು!

ಹೋದ ತಿಂಗಳು ಆಲ್ಬಮ್‌ನ 24 ಬಿಟ್, 96 ಕಿಲೋಹರ್ಟ್ಸ್ ಫೈಲ್ ಕೊಂಡೆ. ಕುವೆಂಪುನಗರದ ಮನೆಯ ಮಹಡಿ ಕೋಣೆ, ರಾತ್ರಿ ಹನ್ನೊಂದು ಗಂಟೆ. ಮೊದಲು ಫ್ಯಾನ್ ಆಫ್ ಮಾಡಿದೆ. ಅದರ ಗುಂಯ್ ಸದ್ದು ಸಣ್ಣ ಸದ್ದುಗಳನ್ನೆಲ್ಲ ನುಂಗಿಬಿಡುತ್ತೆ. ಕಂಪ್ಯೂಟರ್ ತನ್ನಷ್ಟಕ್ಕೆ ಎಲ್ಲವನ್ನೂ 48 ಕಿಲೋಹರ್ಟ್ಸ್‌ಗೆ ಇಳಿಸುತ್ತಿತ್ತು. ಪ್ಲೇಯರ್‌ನಲ್ಲಿ ಎಕ್ಸ್‌ಕ್ಲೂಸಿವ್ ಮೋಡ್ (ಕಂಪ್ಯೂಟರ್ ಸದ್ದನ್ನು ಬದಲಿಸದ ಹಾಗೆ ಮಾಡುವ ಸೆಟ್ಟಿಂಗ್) ಹಾಕಿದೆ. ಆಗ ಡಿಜಿಟಲ್ ಫೈಲನ್ನು ಸದ್ದಿನ ಸಿಗ್ನಲ್ ಮಾಡುವ ಪೆಟ್ಟಿಗೆ, ಡ್ಯಾಕ್, ಅದರ ಮೇಲೆ 96 ಅಂತ ಬಂತು.

ಆಮೇಲೆ ಅದೇ ಫೈಲನ್ನು ಸಿಡಿಯ ಮಟ್ಟಕ್ಕೆ, ಅಂದರೆ 16 ಬಿಟ್, 44.1 ಕಿಲೋಹರ್ಟ್ಸ್‌ಗೆ ಇಳಿಸಿ ಇನ್ನೊಂದು ಪ್ರತಿ ಮಾಡಿಕೊಂಡೆ. ಎರಡರ ವಾಲ್ಯೂಮ್ ಸರಿಸಮ ಮಾಡಲೇಬೇಕು. ಸ್ವಲ್ಪ ಜೋರಾಗಿದ್ದರೂ ಸಾಕು, ಕಿವಿ ಅದನ್ನೇ ಚೆನ್ನಾಗಿದೆ ಅನ್ನುತ್ತೆ. ಫೂಬಾರ್ ಅನ್ನೋ ಮ್ಯೂಸಿಕ್ ಪ್ಲೇಯರ್‌ನಲ್ಲಿ ಯಾವುದು ಯಾವುದೆಂದು ತಿಳಿಯದ ಹಾಗೆ 16 ಸಲ ಪರೀಕ್ಷೆ ಮಾಡಿದೆ. 9 ಸರಿ. ಸುಮ್ನೆ ಊಹಿಸಿದರೂ ಅಷ್ಟು ಬರುತ್ತೆ, ಅಲ್ವಾ? ಹಳೇ ಎಂಪಿ3 ಜೊತೆ ಹೋಲಿಸಿದಾಗ ಮಾತ್ರ 16ಕ್ಕೆ 15 ಸರಿ ಬಂತು. ಅಲ್ಲಿ ಸಿಂಬಲ್ ಹೊಡೆದ ಮೇಲೆ ಉಳಿಯುವ ಝೇಂಕಾರ ತುಂಡುತುಂಡಾಗಿತ್ತು. ಹೊಸ ಫೈಲ್‌ನಲ್ಲಿ ಅದು ಕೊನೆಯವರೆಗೂ ನಿಧಾನವಾಗಿ ಕರಗುತ್ತೆ. ಏಳು ತಂತಿಯ ಗಿಟಾರ್‌ಗಳ ಕೆಳಗೆ ಬಾಸ್ ತಂತಿಯ ಟಕ್ ಟಕ್ ಬೇರೆಯಾಗಿ ಕೇಳುತ್ತೆ. ನನ್ನ ಕಿವಿಗೆ 96 ಕಿಲೋಹರ್ಟ್ಸ್‌ನಿಂದ ಜಾಸ್ತಿ ಏನೂ ಸಿಗಲಿಲ್ಲ, ಸರಿಯಾದ ಸಿಡಿ ಇದ್ದಿದ್ದರೂ ಸಾಕಿತ್ತು. ಆದರೆ ಆಲ್ಬಮ್ ನನಗೆ ವಾಪಸ್ ಸಿಕ್ಕಿತು.

ಭಾನುವಾರ ಮಂಡ್ಯದಿಂದ ಗೆಳೆಯನನ್ನು ಕರೆಸಿದೆ. ಒಂದು ಗಂಟೆಗೂ ಮೇಲೆ ಮಾತಿಲ್ಲದೆ ಪೂರ್ತಿ ಕೇಳಿದ. “ಪಾಲಿಶ್ ಜಾಸ್ತಿನೇ ಕಣೋ” ಅಂದ. ಹೆಡ್‌ಫೋನ್ ತೆಗೆಯಲಿಲ್ಲ. “ಮೊದಲ ಹಾಡಿನ ಡ್ರಮ್ ಇನ್ನೊಂದು ಸಲ ಹಾಕು.”