ಪುಣೆಯ ಬಾಲ್ಕನಿಯಲ್ಲಿ ಹವಳದ ಕೊಂಬೆ

ಸಿಂಹಗಡ ರಸ್ತೆಯ ಪು.ಲ. ದೇಶಪಾಂಡೆ ಉದ್ಯಾನ ನಮ್ಮ ಮನೆಗೆ ಹತ್ತಿರ. ಜಪಾನಿನ ಒಕಾಯಾಮಾದ ಕೊರಾಕುಎನ್ ತೋಟದ ಮಾದರಿಯಲ್ಲಿ ಮಾಡಿದ್ದು. ಅಲ್ಲಿ ವಾಕಿಂಗ್ ಮಾಡ್ತಾ ಮಾಡ್ತಾ ನನಗೆ ಜಪಾನಿ ಮೇಪಲ್ ಎಂಬ ಗಿಡದ ಹುಚ್ಚು ಹಿಡಿಯಿತು. ಅದರಲ್ಲೂ ಸಾಂಗೋ-ಕಾಕು ತಳಿ. ಸಾಂಗೋ ಅಂದರೆ ಹವಳ. ಎಲೆ ಉದುರಿದ ಮೇಲೆ ಅದರ ಎಳೆ ಕೊಂಬೆಗಳು ಧಾರವಾಡದ ನಮ್ಮಜ್ಜಿಯ ಹವಳದ ಸರದ ಹಾಗೆ ಕಾಣುತ್ತವೆ.

ಬೀಜ ಕೊಳ್ಳಬೇಡಿ. ನಾನು ಆನ್‌ಲೈನಲ್ಲಿ ಒಂದು ಪೊಟ್ಟಣ ತರಿಸಿ ಎರಡು ವರ್ಷ ಕಳೆದುಕೊಂಡೆ. ಬಂದದ್ದು ಬರೀ ಹಸಿರು ತೊಗಟೆಯ ಗಿಡ. ಅಸಲಿ ಬೀಜವಾದರೂ ತಾಯಿಯ ಗುಣ ಹಾಗೇ ಬರುವುದಿಲ್ಲ. ಕಸಿ ಗಿಡವೇ ಬೇಕು. ಬುಡದಲ್ಲಿ ಕಸಿಯ ಗಂಟು ನೋಡಿ ತನ್ನಿ. ಗಂಟಿನ ಕೆಳಗೆ ಚಿಗುರು ಬಂದರೆ ಆಗಲೇ ಚಿವುಟಿ ಹಾಕಿ.

ನಮ್ಮ ಕಡೆಯ ಕರಿಮಣ್ಣು ಇದಕ್ಕೆ ಬೇಡ, ನೀರು ಹಿಡಿದು ಬೇರು ಕೊಳೆಯುತ್ತದೆ. ನಾನು ಕೆಂಪು ಮಣ್ಣು, ಕೊಕೊಪೀಟ್ (ತೆಂಗಿನ ನಾರಿನ ಪುಡಿ), ಎಲೆಗೊಬ್ಬರ, ಇಟ್ಟಿಗೆ ಚೂರು ಸಮ ಸಮ ಬೆರೆಸುತ್ತೇನೆ. ಕುಂಡ ಅಗಲವಾಗಿರಲಿ, ತೂತು ದೊಡ್ಡದಿರಲಿ.

ನಿಜವಾದ ಪರೀಕ್ಷೆ ಏಪ್ರಿಲ್, ಮೇ. ಪುಣೆಯ ಬಿಸಿಲು 40 ಡಿಗ್ರಿ ಮುಟ್ಟುತ್ತದೆ, ಒಣ ಗಾಳಿ ಬೇರೆ. ಮೊದಲ ಬೇಸಿಗೆಯಲ್ಲಿ ನನ್ನ ಗಿಡದ ಎಲೆಗಳ ಅಂಚೆಲ್ಲ ಹಪ್ಪಳದ ಹಾಗೆ ಸುಟ್ಟವು. ಈಗ ಪೂರ್ವದ ಬಾಲ್ಕನಿಗೆ ತಂದಿದ್ದೇನೆ. ಬೆಳಿಗ್ಗೆ ಒಂಬತ್ತರ ತನಕ ಬಿಸಿಲು, ಆಮೇಲೆ ಹಸಿರು ನೆಟ್ಟಿನ ನೆರಳು. ಮಣ್ಣಿನ ಮೇಲೆ ತೆಂಗಿನ ನಾರು ಹಾಸಿ. ಏಸಿಯ ಬಿಸಿ ಗಾಳಿ ತಾಗದ ಹಾಗೆ ನೋಡಿಕೊಳ್ಳಿ. ಟ್ಯಾಂಕರಿನ ಉಪ್ಪು ನೀರಿಗೂ ಅಂಚು ಸುಡುತ್ತದೆ. ಅದಕ್ಕೇ ನಾನು ಮಳೆ ನೀರು ಡ್ರಮ್ಮಿನಲ್ಲಿ ತುಂಬಿಡುತ್ತೇನೆ. ಮುಂಬೈ, ಗೋವಾದ ಸೆಕೆಯಲ್ಲಿ ಇರುವವರಿಗೆ ಈ ಗಿಡ ತನ್ನಿ ಅಂತ ನಾನು ಹೇಳುವುದಿಲ್ಲ. ಚಳಿಗಾಲವೇ ಇಲ್ಲದ ಕಡೆ ಪಾಪ, ಅದಕ್ಕೆ ನಿದ್ದೆಯೇ ಸಿಗುವುದಿಲ್ಲ.

ಮಳೆಗಾಲದಲ್ಲಿ ಕುಂಡದ ಕೆಳಗಿನ ತಟ್ಟೆ ತೆಗೆದುಬಿಡಿ. ಕೊಂಬೆಯ ತುದಿ ಕಪ್ಪಾದರೆ ಕಾಯಬೇಡಿ, ಈ ತಳಿಗೆ ಆ ರೋಗ ಜಾಸ್ತಿ. ಜೀವ ಇರುವ ಜಾಗದ ತನಕ ಕತ್ತರಿಸಿ. ಪ್ರತಿ ಸಲ ಕತ್ತರಿಯನ್ನು ಸ್ಪಿರಿಟ್‌ನಲ್ಲಿ ಒರೆಸಿ.

ಇನ್ನು ಬಣ್ಣದ ಮಾತು. ಕೆಂಪು ಬರುವುದು ಹೊಸ ಕೊಂಬೆಗೆ ಮಾತ್ರ, ಹಳೆಯದು ಬೂದು ಕಂದಾಗುತ್ತದೆ. ಹಾಗಾಗಿ ಎಲೆ ಉದುರಿದ ಮೇಲೆ, ಮೊಗ್ಗು ಉಬ್ಬುವ ಮೊದಲು, ಸ್ವಲ್ಪ ಸವರಬೇಕು. ತಡ ಮಾಡಿದರೆ ಗಾಯದಿಂದ ರಸ ಸೋರುತ್ತದೆ. ಒಂದೇ ವರ್ಷ ಬೋಳಿಸಬೇಡಿ, ಮೂರು ನಾಲ್ಕು ಹಳೆ ಕೊಂಬೆ ಸಾಕು. ನವೆಂಬರಿನಿಂದ ಕುಂಡವನ್ನು ಬಿಸಿಲಿಗೆ ಸರಿಸಿ, ಬೆಳಕು ಮತ್ತು ಚಳಿ ಸೇರಿದರೇ ತೊಗಟೆ ಕೆಂಪೇರುವುದು. ಒಕಾಯಾಮಾದಷ್ಟು ಗಾಢ ಬಣ್ಣ ಇಲ್ಲಿ ಬರುವುದಿಲ್ಲ. ಆದರೂ ಜನವರಿಯ ಬೆಳಿಗ್ಗೆ ಚಹಾ ಹಿಡಿದು ಬಾಲ್ಕನಿಗೆ ಬಂದಾಗ ಎಳೆ ಬಿಸಿಲು ಆ ಕೊಂಬೆಗಳ ಮೇಲೆ ಬಿದ್ದಿರುತ್ತದೆ, ಚಹಾ ಆರುವ ತನಕ ನೋಡುತ್ತಾ ನಿಲ್ಲುತ್ತೇನೆ. ಸವರಿದ ಕೊಂಬೆಗಳನ್ನೂ ಎಸೆಯುವುದಿಲ್ಲ. ಹಿತ್ತಾಳೆ ತಂಬಿಗೆಯಲ್ಲಿ ದೇವರ ಮನೆಯ ಪಕ್ಕ ಇಡುತ್ತೇನೆ.